ಲಟ್ಟಣಿಗೆಯ ಭೂಪ್ರದಕ್ಷಿಣೆ

ಗಂಗೊಳ್ಳಿಯ ಒಂದು ಹೆಂಚಿನ ಮನೆಯ ಅಡುಗೆಕೋಣೆಯಲ್ಲಿ, ದಾರ ಕಟ್ಟಿ ಮೊಳೆಗೆ ನೇತುಹಾಕಿದ ಹಲಸಿನ ಮರದ ಲಟ್ಟಣಿಗೆ ಒಂದಿದೆ. ಉದ್ದ 38 ಸೆಂಟಿಮೀಟರ್. ತೂಕ ಅರ್ಧ ಕಿಲೋ ಇಲ್ಲ. ನಡು ಸವೆದು, ತುಸು ಸೊರಗಿದ ಹಾಗಿದೆ. ಈ ಲಟ್ಟಣಿಗೆ ಭೂಮಿಯನ್ನು 58 ಸುತ್ತು ಹಾಕಿ ಬಂದಿದೆ ಎಂದರೆ ನಂಬುತ್ತೀರಾ? ನಾನೂ ನಂಬಿರಲಿಲ್ಲ. ಮೂರು ಸಲ ಕೂಡಿ ಕಳೆದು ನೋಡಿದ ಮೇಲೆ ನಂಬಲೇಬೇಕಾಯಿತು.

ಲಟ್ಟಣಿಗೆ ನನ್ನ ಮಾವನದು, ಅಂದರೆ ಅಮ್ಮನ ಅಣ್ಣನದು. ಊರಿನವರ ಬಾಯಲ್ಲಿ ಅವರು ‘ಶಿಪ್ಪಿನವರು’. ಹಡಗಿನಲ್ಲಿ ಮೆಸ್‌ಬಾಯ್ ಆಗಿ ಸೇರಿದರು, ಚೀಫ್ ಕುಕ್ ಆಗಿ ನಿವೃತ್ತರಾದರು. ಕ್ಯಾಪ್ಟನ್ ಅಲ್ಲ, ಎಂಜಿನಿಯರ್ ಅಲ್ಲ. ಹಳಬರ ಭಾಷೆಯಲ್ಲಿ ಹಡಗಿನ ‘ಭಂಡಾರಿ’. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಅತ್ತೆ ಕಬ್ಬಿಣದ ಪೆಟ್ಟಿಗೆಯಿಂದ ನಾಲ್ಕು ಪುಸ್ತಕ ತೆಗೆದು ನನ್ನ ಮುಂದಿಟ್ಟರು. ಪಾಸ್‌ಪೋರ್ಟಿನಂಥ ಪುಸ್ತಕಗಳು. ಹಡಗಿನವರು ‘ಸಿಡಿಸಿ’ ಎನ್ನುವುದು ಇದಕ್ಕೇ. ಯಾವ ಹಡಗು, ಯಾವ ಬಂದರಿನಲ್ಲಿ ಸೈನ್ ಆನ್, ಯಾವ ಬಂದರಿನಲ್ಲಿ ಸೈನ್ ಆಫ್, ಯಾವ ತಾರೀಕು, ಯಾವ ಹುದ್ದೆ. ಪ್ರತಿ ಸಾಲಿಗೂ ಕ್ಯಾಪ್ಟನ್ನರ ಸಹಿ, ಹಡಗಿನ ಮೊಹರು. ಒಬ್ಬ ಮನುಷ್ಯನ ಇಡೀ ಬದುಕು ಕೋಷ್ಟಕವಾಗಿ ಕೂತಿತ್ತು. ಕೋಷ್ಟಕ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕ್ಯಾಲ್ಕುಲೇಟರ್ ತೆಗೆದೆ.

ಮೊದಲ ಸೈನ್ ಆನ್‌ನಿಂದ ಕೊನೆಯ ಸೈನ್ ಆಫ್‌ವರೆಗೆ 34 ವರ್ಷ, ಅಂದರೆ 12,418 ದಿನ. ಇಷ್ಟರಲ್ಲಿ 27 ಸಲ ಹಡಗು ಹತ್ತಿದ್ದಾರೆ, 27 ಸಲ ಇಳಿದಿದ್ದಾರೆ. ಹಡಗಿನ ಮೇಲೆ ಕಳೆದದ್ದು 8,120 ದಿನ. ಲೆಕ್ಕ ಹಾಕಿ: 22 ವರ್ಷ 3 ತಿಂಗಳು. ಕೊಲೆ ಮಾಡಿ ಜೀವಾವಧಿ ಶಿಕ್ಷೆ ಪಡೆದವರಲ್ಲಿ ಎಷ್ಟೋ ಜನ ಇದಕ್ಕಿಂತ ಬೇಗ ಮನೆ ಸೇರುತ್ತಾರೆ. ಮಾವನ ಅಪರಾಧ ಇಷ್ಟೇ: ರುಚಿಯಾಗಿ ಅಡುಗೆ ಮಾಡುತ್ತಿದ್ದರು.

ಆ ಅಡುಗೆಯಿಂದಲೇ ಶುರು ಮಾಡೋಣ. ಕುಕ್ ಆಗಿ ದುಡಿದದ್ದು 6,500 ದಿನ. ಹಡಗಿನಲ್ಲಿ ಸರಾಸರಿ 22 ಜನ. ತಲೆಗೆ ಮೂರು ಚಪಾತಿ ಹಿಡಿದರೆ ದಿನಕ್ಕೆ 66. ಒಟ್ಟು 4,29,000 ಚಪಾತಿ! ಒಂದರ ಪಕ್ಕ ಒಂದು ಹಾಸುತ್ತ ಹೋದರೆ 77 ಕಿಲೋಮೀಟರ್; ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಹಾಸಲು ಶುರು ಮಾಡಿದರೆ ಉಡುಪಿ ಹಿಂದಾಗಿ, ಮೂಲ್ಕಿಯೂ ದಾಟುತ್ತದೆ. ಒಂದರ ಮೇಲೊಂದು ಪೇರಿಸಿದರೆ, ಎರಡು ಮಿಲಿಮೀಟರ್ ದಪ್ಪದ ತೆಳ್ಳಗಿನ ಚಪಾತಿಯೇ ಆದರೂ, 858 ಮೀಟರ್ ಎತ್ತರ. ಜಗತ್ತಿನ ಅತಿ ಎತ್ತರದ ಕಟ್ಟಡ ದುಬೈನ ಬುರ್ಜ್ ಖಲೀಫಾ 828 ಮೀಟರ್. ಅದನ್ನು ಕಟ್ಟುವುದಕ್ಕೆ ಸಾವಿರಾರು ಜನ ಬೇಕಾಯಿತು. ಅದಕ್ಕಿಂತ 30 ಮೀಟರ್ ಎತ್ತರದ ಗೋಪುರವನ್ನು ಗಂಗೊಳ್ಳಿಯ ಒಬ್ಬರೇ ಒಬ್ಬರು ಗೋಧಿ ಹಿಟ್ಟಿನಲ್ಲಿ ಎಬ್ಬಿಸಿದ್ದಾರೆ. ಕಟ್ಟಿದ ದಿನವೇ ಜನ ತಿಂದು ಮುಗಿಸಿದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

ಹಿಟ್ಟು ಎಷ್ಟಾಯಿತು? ಚಪಾತಿಗೆ 30 ಗ್ರಾಂ ಎಂದರೂ ಸುಮಾರು 13 ಟನ್. ಇಲ್ಲಿಂದ ಮುಂದೆ ಟನ್ನುಗಳು ಬಹಳ ಬರಲಿವೆ, ಆದ್ದರಿಂದ ಈಗಲೇ ಒಂದು ಒಪ್ಪಂದ ಮಾಡಿಕೊಳ್ಳೋಣ. ನಮ್ಮ ಲೆಕ್ಕದಲ್ಲಿ ಒಂದು ಆನೆ ಎಂದರೆ 4 ಟನ್. ಮಾವ ತಮ್ಮೆರಡು ಕೈಯಲ್ಲಿ ಮೂರು ಆನೆ ತೂಕದ ಹಿಟ್ಟು ನಾದಿದ್ದಾರೆ. ಒಂದು ಚಪಾತಿಗೆ ಲಟ್ಟಣಿಗೆ 12 ಸಲ ಉರುಳುತ್ತದೆ, ಒಂದು ಉರುಳಿಗೆ 20 ಸೆಂಟಿಮೀಟರ್ ಸಾಗುತ್ತದೆ. ಹಾಗಾದರೆ ಮಣೆಯ ಮೇಲೆ ಉರುಳುರುಳಿಯೇ ಅದು 1,030 ಕಿಲೋಮೀಟರ್ ಹೋಗಿದೆ. ನೆಟ್ಟಗೆ ಉತ್ತರಕ್ಕೆ ಬಿಟ್ಟಿದ್ದರೆ ಗಂಗೊಳ್ಳಿಯಿಂದ ಹೊರಟು ಮುಂಬೈ ದಾಟಿರುತ್ತಿತ್ತು.

ಇದೂ ಅಲುಗಾಡದ ಅಡುಗೆಮನೆಯಲ್ಲಿ ಮಾಡಿದ್ದಲ್ಲ. ಹಡಗಿನ ಅಡುಗೆಮನೆಯಲ್ಲಿ, ಅವರ ಮಾತಿನಲ್ಲಿ ಗ್ಯಾಲಿಯಲ್ಲಿ, ಬೆಂಕಿಯೇ ಇಲ್ಲ, ಕರೆಂಟಿನ ಕಾವಲಿ. ಪಾತ್ರೆ ಜಾರದಂತೆ ಸುತ್ತ ಕಬ್ಬಿಣದ ಕಂಬಿ. ಸಮುದ್ರ ಕೆರಳಿದ ದಿನ ಸಾರಿನ ಪಾತ್ರೆಗೆ ಅರ್ಧವೇ ತುಂಬಬೇಕು, ಊಟದ ಮೇಜಿಗೆ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ತಟ್ಟೆ ಇಡಬೇಕು. ನೆಲ ಎಡಕ್ಕೆ ವಾಲುವಾಗ ಮಾವ ಬಲಗಾಲು ಊರಿ ಲಟ್ಟಿಸುತ್ತಿದ್ದರಂತೆ, ಬಲಕ್ಕೆ ವಾಲುವಾಗ ಎಡಗಾಲು. ರಜೆಯಲ್ಲಿ ಮನೆಗೆ ಬಂದಾಗಲೂ ಒಲೆಯ ಮುಂದೆ ನಿಂತು ಒಮ್ಮೆ ಈ ಕಾಲಿಗೆ, ಒಮ್ಮೆ ಆ ಕಾಲಿಗೆ ಭಾರ ಬದಲಿಸುವುದನ್ನು ನಾನೇ ನೋಡಿದ್ದೇನೆ. ಗಂಗೊಳ್ಳಿಯ ನೆಲ ಅವರಿಗೆ ಇನ್ನೂ ಅಲುಗಾಡುತ್ತಿತ್ತು. “ಇಷ್ಟು ವರ್ಷದಲ್ಲಿ ಎಷ್ಟು ಚಪಾತಿ ಮಾಡಿರಬಹುದು ಮಾವ?” ಎಂದು ಒಮ್ಮೆ ಕೇಳಿದ್ದೆ. “ಲೆಕ್ಕ ಮಾಡ್ತಾ ಕೂಕಂಡ್ರೆ ಹಿಟ್ಟ್ ನಾದುದ್ ಯಾರ್ ಮಗಾ?” ಎಂದಿದ್ದರು.

ಸರಿ, ಈಗ ದೂರದ ಲೆಕ್ಕ. ಸರಕು ಹಡಗು 13, 14 ನಾಟ್ ವೇಗದಲ್ಲಿ ಹೋಗುತ್ತದೆ. ನಮ್ಮ ಭಾಷೆಯಲ್ಲಿ ಗಂಟೆಗೆ ಸುಮಾರು 25 ಕಿಲೋಮೀಟರ್. ಕೇಳಿದರೆ ನಗು ಬರುವ ವೇಗ. ಆದರೆ ಹಡಗಿಗೆ ರಾತ್ರಿಯಿಲ್ಲ, ಭಾನುವಾರವಿಲ್ಲ, ಚಹಾಕ್ಕೆ ನಿಲ್ಲುವುದಿಲ್ಲ. ದಿನಕ್ಕೆ 600 ಕಿಲೋಮೀಟರ್ ಆಗುತ್ತದೆ. ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಇಡೀ ಕರಾವಳಿ ಸುಮಾರು 320 ಕಿಲೋಮೀಟರ್. ಒಂದು ಹಗಲು, ಒಂದು ರಾತ್ರಿಯಲ್ಲಿ ಅದನ್ನು ಪೂರ್ತಿ ಇಳಿದು, ಹೆಚ್ಚುಕಡಿಮೆ ಪೂರ್ತಿ ಮತ್ತೆ ಹತ್ತಿಬಿಡುತ್ತದೆ!

ಬಂದರಿನಲ್ಲಿ ನಿಂತ ದಿನ, ಲಂಗರು ಹಾಕಿ ಕಾದ ದಿನ ಎಂದು ನೂರಕ್ಕೆ ನಲವತ್ತನ್ನು ಕಳೆದುಬಿಟ್ಟೆ. ಜಿಪುಣನ ಲೆಕ್ಕವೇ ಇರಲಿ. ಆದರೂ ಉಳಿದದ್ದು 4,872 ಓಡಾಟದ ದಿನ. ಗುಣಿಸಿದರೆ 29,23,200 ಕಿಲೋಮೀಟರ್. ಭೂಮಿಯ ಸುತ್ತಳತೆ 40,075. ಮಾವ 73 ಸುತ್ತು ಹಾಕಿದ್ದಾರೆ. ಅದರಲ್ಲಿ ಕುಕ್ ಆಗಿ ಲಟ್ಟಣಿಗೆ ಹಿಡಿದು ಹಾಕಿದ್ದು 58. ಮಂಗಳೂರಿನಿಂದ ಬೆಂಗಳೂರಿಗೆ 350 ಕಿಲೋಮೀಟರ್ ಎಂದರೆ ನಾಲ್ಕು ಸಾವಿರಕ್ಕೂ ಹೆಚ್ಚು ಸಲ ಘಟ್ಟ ಹತ್ತಿ ಇಳಿದಂತೆ. ನಮ್ಮಲ್ಲಿ ಹತ್ತು ಸಲ ಹೋಗಿ ಬಂದವರೇ ಸೊಂಟ ಹಿಡಿದುಕೊಂಡು ಕೂರುತ್ತಾರೆ.

ಭೂಮಿ ಸಾಲಲಿಲ್ಲ, ಆದ್ದರಿಂದ ಆಕಾಶ ನೋಡೋಣ. ಚಂದ್ರನಿಗೆ ಸರಾಸರಿ 3,84,400 ಕಿಲೋಮೀಟರ್. ಮಾವ ಮೂರು ಸಲ ಚಂದ್ರನಿಗೆ ಹೋಗಿ ಬಂದು, ನಾಲ್ಕನೆಯ ಸಲ ಹೋಗಿ ಮುಟ್ಟಿ, ವಾಪಸು ಬರುವಾಗ ಅರ್ಧ ದಾರಿ ದಾಟಿದ್ದಾರೆ. ಅಪೊಲೊ 11ರವರು ಸುಮಾರು ನಾಲ್ಕು ದಿನದಲ್ಲಿ ಚಂದ್ರನ ಮೇಲೆ ಇಳಿದರು. ಮಾವ ಹೋದದ್ದು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ. ನಮ್ಮೂರಿನ ಮೇಷ್ಟ್ರು ಲೂನಾ ಮೊಪೆಡ್ ಓಡಿಸುತ್ತಿದ್ದದ್ದೂ ಇದೇ ವೇಗದಲ್ಲಿ. ಲೂನಾ ಎಂದರೆ ಲ್ಯಾಟಿನ್ನಿನಲ್ಲಿ ಚಂದ್ರನೇ. ಲೂನಾದ ವೇಗದಲ್ಲಿ ಲೂನಾಕ್ಕೆ!

ಚರಿತ್ರೆಯ ಪುಟದ ಯಾತ್ರಿಕರನ್ನು ಪಕ್ಕದಲ್ಲಿ ನಿಲ್ಲಿಸಿ. 1519ರಲ್ಲಿ ಮೆಗಲ್ಲನ್ ಐದು ಹಡಗು, ಇನ್ನೂರಕ್ಕೂ ಹೆಚ್ಚು ಜನರನ್ನು ಕಟ್ಟಿಕೊಂಡು ಹೊರಟ. 1522ರಲ್ಲಿ ಸುತ್ತು ಮುಗಿಸಿ ಮರಳಿದ್ದು ಒಂದೇ ಹಡಗು, ಅದರಲ್ಲಿದ್ದದ್ದು 18 ಜನ; ಮೆಗಲ್ಲನ್ನೇ ಇರಲಿಲ್ಲ. ಒಂದು ಸುತ್ತಿಗೆ ಮೂರು ವರ್ಷ. ಮಾವನದು ಎರಡು ವರ್ಷ ಕಳೆಯುವ ಮೊದಲೇ ನಾಲ್ಕು ಸುತ್ತು. ಇನ್ನು ಇಬ್ನ್ ಬತೂತ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಂಡು ಹೋದವನು, ಗಂಗೊಳ್ಳಿಯ ಮುಂದಿನ ಕಡಲಲ್ಲೇ ಸಾಗಿದವನು. ಬದುಕೆಲ್ಲ ತಿರುಗಿದ ಅವನ ಒಟ್ಟು ದಾರಿ ಸುಮಾರು 1,17,000 ಕಿಲೋಮೀಟರ್ ಎನ್ನುತ್ತಾರೆ. ಮಾವನ ದಾರಿ ಅದರ 25 ಪಟ್ಟು. ಇಬ್ನ್ ಬತೂತ ಪುಸ್ತಕ ಬರೆಸಿ ಹೆಸರಾದ. ಮಾವನ ಹತ್ತಿರವೂ ಪುಸ್ತಕವಿತ್ತು, ನಾಲ್ಕು, ಎಲ್ಲವೂ ಸಿಡಿಸಿ.

ಮಲಗಿದಾಗಲೂ ಅವರು ನಿಂತಲ್ಲಿ ನಿಲ್ಲಲಿಲ್ಲ. ದೊಡ್ಡ ಹಡಗು ಅಲೆಯ ಮೇಲೆ ಹನ್ನೆರಡು ಸೆಕೆಂಡಿಗೊಮ್ಮೆ ಹೊರಳಿ ಮರಳುತ್ತದೆ ಎಂದಿಟ್ಟುಕೊಳ್ಳಿ. ರಾತ್ರಿಗೆ ಎಂಟು ಗಂಟೆಯ ನಿದ್ದೆ. ಓಡಾಟದ 4,872 ರಾತ್ರಿಗಳಲ್ಲಿ ಸಮುದ್ರ ಮಾವನನ್ನು 1 ಕೋಟಿ 17 ಲಕ್ಷ ಸಲ ತೂಗಿದೆ. ಜಗತ್ತಿನ ಯಾವ ತಾಯಿಯೂ ಯಾವ ಮಗುವಿನ ತೊಟ್ಟಿಲನ್ನೂ ಇಷ್ಟು ಸಲ ತೂಗಿರಲಾರಳು.

ಇನ್ನು ಆ ತೊಟ್ಟಿಲಿನ ಗಾತ್ರ. ಮಾವ ಹೆಚ್ಚಾಗಿ ದುಡಿದದ್ದು ಬಲ್ಕರ್‌ಗಳಲ್ಲಿ. ಅದಿರು, ಕಲ್ಲಿದ್ದಲು, ಗೋಧಿಯನ್ನು ಮೂಟೆ ಕಟ್ಟದೆ ಹೊಟ್ಟೆಗೆ ಸುರಿದುಕೊಳ್ಳುವ ಹಡಗುಗಳು. ಅವುಗಳಲ್ಲಿ ಕೇಪ್‌ಸೈಜ್ ಎಂಬ ಜಾತಿಯೊಂದಿದೆ. ಉದ್ದ ಸುಮಾರು 290 ಮೀಟರ್. ಜೋಗದ ರಾಜ ಧುಮುಕುವುದು 253 ಮೀಟರ್. ಈ ಹಡಗನ್ನು ಜೋಗದ ಗುಂಡಿಯಲ್ಲಿ ನೆಟ್ಟಗೆ ನಿಲ್ಲಿಸಿದರೆ ಮೂತಿ ಬಂಡೆಯ ಮೇಲೆ 37 ಮೀಟರ್ ಎದ್ದು ನಿಲ್ಲುತ್ತದೆ. ಆ ಎದ್ದು ನಿಂತ ಭಾಗದ ಪಕ್ಕದಲ್ಲಿ ಶ್ರವಣಬೆಳಗೊಳದ ಇಬ್ಬರು ಗೊಮ್ಮಟರನ್ನು ಒಬ್ಬರ ಹೆಗಲ ಮೇಲೊಬ್ಬರಂತೆ ನಿಲ್ಲಿಸಿದರೂ ಹಡಗೇ ಎತ್ತರ.

ಅದರ ಹೊಟ್ಟೆಗೆ 1,80,000 ಟನ್ ಹಿಡಿಯುತ್ತದೆ. ಒಪ್ಪಂದದ ಪ್ರಕಾರ 45,000 ಆನೆ. 2023ರ ಗಣತಿಯಲ್ಲಿ ಕರ್ನಾಟಕದ ಕಾಡಾನೆಗಳು 6,395. ನಾಗರಹೊಳೆ, ಬಂಡೀಪುರದಿಂದ ಹಿಡಿದು ಕೊನೆಯ ಮರಿಯವರೆಗೆ ಎಲ್ಲವನ್ನೂ ಹತ್ತಿಸಿದರೂ ಏಳರಲ್ಲಿ ಒಂದು ಪಾಲು ಮಾತ್ರ ತುಂಬುತ್ತದೆ. ಇಡೀ ಭಾರತದ ಕಾಡಾನೆಗಳನ್ನು ಕರೆಸಿದರೂ, 2017ರ ಗಣತಿಯಂತೆ ಅವು 29,964, ಇನ್ನೂ ಮೂರರಲ್ಲೊಂದು ಭಾಗ ಖಾಲಿ! ಆನೆ ಬೇಡ ಎಂದರೆ ಲಾರಿ ತೆಗೆದುಕೊಳ್ಳಿ. 18 ಟನ್ ಹೊರುವ ಲಾರಿ 10,000 ಬೇಕು. ಮೂತಿಗೆ ಬಾಲ ತಾಗಿಸಿ ನಿಲ್ಲಿಸಿದರೆ 100 ಕಿಲೋಮೀಟರ್. ಮೊದಲ ಲಾರಿ ಮಂಗಳೂರು ಮುಟ್ಟಿದರೂ ಕೊನೆಯದು ಕುಂದಾಪುರ ಬಿಟ್ಟಿರುವುದಿಲ್ಲ. ಇದನ್ನೆಲ್ಲ ಸಾಗಿಸುವವರು 22 ಜನ. ತಲೆಗೆ 2,045 ಆನೆ. ಆ 22 ಜನರನ್ನು ಸಾಗಿಸುವವರು ಒಬ್ಬ ಕುಕ್.

ಇಷ್ಟೆಲ್ಲ ಸುತ್ತಿದವರ ಹಡಗು ಊರಿನ ಕಡೆಗೆ ಬಂದದ್ದು ಒಂದೇ ಸಲ. ಕುದುರೆಮುಖದಲ್ಲಿ ಗಣಿ ನಡೆಯುತ್ತಿದ್ದ ಕಾಲ. ಬೆಟ್ಟದ ಅದಿರು ನೀರಿನಲ್ಲಿ ಕಲಸಿಕೊಂಡು 67 ಕಿಲೋಮೀಟರ್ ಕೊಳವೆಯಲ್ಲಿ ಹರಿದು ಪಣಂಬೂರಿಗೆ ಇಳಿಯುತ್ತಿತ್ತು, ಅಲ್ಲಿಂದ ಹಡಗು ಹತ್ತುತ್ತಿತ್ತು. ಹಡಗು ತುಂಬುವುದಕ್ಕೆ ಮೂರು ದಿನ. ಮನೆಗೆ 90 ಕಿಲೋಮೀಟರ್. ರಜೆ ಇಲ್ಲ, ಬಂದರು ದಾಟಲು ಪಾಸ್ ಮಾತ್ರ. ಅತ್ತೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಬಂದು ಸುರತ್ಕಲ್ಲಿನ ನೆಂಟರ ಮನೆಯಲ್ಲಿ ಉಳಿದರು. ಮಾವ ರಾತ್ರಿಯ ಊಟ ಬಡಿಸಿ, ಪಾತ್ರೆ ತೊಳೆಸಿ ಬರುವರು. ಬೆಳಗಿನ ತಿಂಡಿಗೆ ಮುಂಚೆ ಗ್ಯಾಲಿಯಲ್ಲಿರುವರು. ಎಂಟು ತಿಂಗಳ ಮಗನನ್ನು ಅವರು ಮೊದಲ ಸಲ ಎತ್ತಿಕೊಂಡದ್ದು ಅಲ್ಲಿಯೇ. ನಾಲ್ಕನೆಯ ದಿನ ಹಡಗು ಹೊರಟಿತು.

ಹೊರಟ ಮೇಲೆ ಮತ್ತೆ ನೀರು. ಎಷ್ಟು ನೀರು? ಪೆಸಿಫಿಕ್ ಸಾಗರದ ವಿಸ್ತಾರ ಸುಮಾರು 16.5 ಕೋಟಿ ಚದರ ಕಿಲೋಮೀಟರ್. ಭೂಮಿಯ ಮೇಲಿನ ಎಲ್ಲ ನೆಲವನ್ನೂ ಕಿತ್ತು ತಂದು ಅದರೊಳಗೆ ಹಾಕಿದರೂ ಅಂಚಿನಲ್ಲಿ ಜಾಗ ಉಳಿಯುತ್ತದೆ. ನಮ್ಮ ಕರ್ನಾಟಕ 1,91,791 ಚದರ ಕಿಲೋಮೀಟರ್. 860 ಕರ್ನಾಟಕ ಅಲ್ಲಿ ಹಿಡಿಯುತ್ತವೆ. ಪನಾಮಾದಿಂದ ಜಪಾನಿಗೆ 14,000 ಕಿಲೋಮೀಟರಿಗೂ ಹೆಚ್ಚು ದಾರಿ. ದಿನಕ್ಕೆ 600ರಂತೆ 24 ದಿನ. ಹುಣ್ಣಿಮೆಗೆ ಹೊರಟವರು ಚಂದ್ರ ಕರಗಿ ಮತ್ತೆ ತುಂಬತೊಡಗುವಾಗ ನೆಲ ಕಾಣುತ್ತಾರೆ. ಸಾಗರದ ಸರಾಸರಿ ಆಳ 4,000 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಮಾವನ ಕಾವಲಿಯ ಅಡಿಯಲ್ಲಿ ಎರಡು ಮುಳ್ಳಯ್ಯನಗಿರಿ ಮುಳುಗುವಷ್ಟು ನೀರು, ಕಾವಲಿಯ ಮೇಲೆ ಎರಡು ಮಿಲಿಮೀಟರಿನ ಚಪಾತಿ.

ಆ ಸಾಗರಕ್ಕೆ ಪೂರ್ವದ ಬಾಗಿಲು ಪನಾಮಾ ಕಾಲುವೆ. 1914ರಲ್ಲಿ ತೆರೆದದ್ದು, ಉದ್ದ ಸುಮಾರು 80 ಕಿಲೋಮೀಟರ್. ಅಲ್ಲಿ ಹಡಗನ್ನು ಕಟ್ಟೆಯಿಂದ ಕಟ್ಟೆಗೆ ನೀರು ತುಂಬಿಸಿ ಮೆಟ್ಟಿಲು ಹತ್ತಿಸುತ್ತಾರೆ, 26 ಮೀಟರ್ ಎತ್ತರಕ್ಕೆ. 60,000 ಟನ್ ಸರಕಿನ ಹಡಗು ಎಂದರೆ 15,000 ಆನೆ. ಅಷ್ಟೂ ಆನೆಗಳು ಗೊಮ್ಮಟನ ನೆತ್ತಿಗಿಂತ ಮೇಲೇರಿ, ಬೆಟ್ಟದ ನಡುವಿನ ಕೆರೆಯಲ್ಲಿ ತೇಲಿ, ಆಚೆ ಸಾಗರಕ್ಕೆ ಇಳಿಯುತ್ತವೆ. ಮಾವ ಇದನ್ನು ವರ್ಣಿಸುತ್ತಿದ್ದದ್ದು ಒಂದೇ ಮಾತಿನಲ್ಲಿ: ಆ ದಿನ ಪಾತ್ರೆ ತುಂಬ ಸಾರು ಮಾಡಬಹುದು, ಹಡಗು ಅಲುಗುವುದಿಲ್ಲ.

ಇನ್ನೊಂದು ಕಾಲುವೆ ಸೂಯೆಜ್. 193 ಕಿಲೋಮೀಟರ್. ನಿವೃತ್ತರಾದ ಮೇಲೆ, 2021ರ ಮಾರ್ಚ್‌ನಲ್ಲಿ, ಅಲ್ಲಿ ‘ಎವರ್ ಗಿವನ್’ ಎಂಬ ಹಡಗು ಅಡ್ಡ ಸಿಕ್ಕಿಕೊಂಡದ್ದನ್ನು ಮಾವ ಟಿವಿಯ ಮುಂದೆ ಕೂತು ನೋಡಿದರು. ನಾನೂ ಪಕ್ಕದಲ್ಲಿದ್ದೆ. 400 ಮೀಟರ್ ಉದ್ದ, ಸುಮಾರು 18,300 ಕಂಟೈನರ್, ಆರು ದಿನ ದಾರಿ ಬಂದ್. ದಿನಕ್ಕೆ ಸುಮಾರು 900 ಕೋಟಿ ಡಾಲರ್ ಮೌಲ್ಯದ ಸರಕು ನಿಂತಿತು. ಆಗಿನ ಬೆಲೆಯಲ್ಲಿ ಸುಮಾರು 65,000 ಕೋಟಿ ರೂಪಾಯಿ. ಆ ವರ್ಷದ ಕರ್ನಾಟಕದ ಬಜೆಟ್ 2.46 ಲಕ್ಷ ಕೋಟಿ. ನಾಲ್ಕೇ ದಿನದಲ್ಲಿ ನಮ್ಮ ಸರ್ಕಾರದ ಇಡೀ ವರ್ಷದ ಖರ್ಚು ಆ ಮರಳಿನಲ್ಲಿ ಹೂತು ನಿಂತಿತು! ನಾನು ಬಾಯಿ ಬಿಟ್ಟುಕೊಂಡು ಅಂಕಿ ಓದುತ್ತಿದ್ದೆ. ಹಡಗಿನಲ್ಲಿದ್ದ 25 ಜನರೂ ಭಾರತೀಯರು ಎಂದು ಟಿವಿಯವರು ಹೇಳಿದಾಗ ಮಾವ ನೆಟ್ಟಗೆ ಕೂತರು. “25 ಜನ. ತಲೆಗೆ ಮೂರು. 75 ಚಪಾತಿ. ಆ ಕುಕ್ಕಿಗೆ ಈ ಗಲಾಟೆಯಲ್ಲೂ ರಜೆ ಇಲ್ಲ” ಎಂದರು.

ಅಂಥ ಹಡಗುಗಳೂ ಈಗ ಹಳತಾಗುತ್ತಿವೆ. ಇಂದಿನ ಅತಿ ದೊಡ್ಡ ಕಂಟೈನರ್ ಹಡಗುಗಳಲ್ಲಿ 20 ಅಡಿಯ 24,000 ಪೆಟ್ಟಿಗೆ ಹಿಡಿಯುತ್ತವೆ. ಸಾಲಾಗಿಟ್ಟರೆ 146 ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರಿನವರೆಗೆ ನಡುವೆ ಸಂದಿಲ್ಲದ ಪೆಟ್ಟಿಗೆಯ ಗೋಡೆ, ಎಲ್ಲವೂ ಒಂದು ಹಡಗಿನ ಬೆನ್ನ ಮೇಲೆ. 2006ರಲ್ಲಿ ನೀರಿಗಿಳಿದ ‘ಎಮ್ಮಾ ಮಾರ್ಸ್ಕ್’ ಹಡಗಿನ ಎಂಜಿನ್ ಒಂದರ ತೂಕವೇ 2,300 ಟನ್: 575 ಆನೆ. ಎತ್ತರ 13.5 ಮೀಟರ್, ನಾಲ್ಕು ಮಹಡಿಯ ಮನೆ. ಶಕ್ತಿ ಸುಮಾರು 1,09,000 ಅಶ್ವಶಕ್ತಿ. ನಮ್ಮ ಹಳೆಯ ಮಾರುತಿ 800ಕ್ಕೆ ಇದ್ದದ್ದು 37. ಸುಮಾರು 2,900 ಮಾರುತಿ ಕಾರುಗಳು ಒಟ್ಟಿಗೆ ಎಳೆದರೆ ಈ ಒಂದು ಎಂಜಿನ್.

ಈಗ ಕೊನೆಯ ದೊಡ್ಡ ಅಂಕಿ. ಉಸಿರು ಎಳೆದುಕೊಳ್ಳಿ. ಜಗತ್ತಿನ ಹಡಗುಗಳೆಲ್ಲ ಸೇರಿ ಈಗ ಒಂದು ವರ್ಷದಲ್ಲಿ ಸಾಗಿಸುವ ಸರಕು ಸುಮಾರು 1,200 ಕೋಟಿ ಟನ್. 300 ಕೋಟಿ ಆನೆ! ಒಂದರ ಹಿಂದೊಂದು ನಿಲ್ಲಿಸಿದರೆ, ಆನೆಗೆ ಆರು ಮೀಟರ್ ಜಾಗ ಕೊಟ್ಟರೆ, ಸಾಲು ಭೂಮಿಯನ್ನು ಸುಮಾರು 450 ಸಲ ಸುತ್ತುತ್ತದೆ. ಬಿಡಿಸಿ ಮೇಲಕ್ಕೆ ಎಳೆದರೆ ಚಂದ್ರನಿಗೆ 23 ಸಲ ಹೋಗಿ ಬರುತ್ತದೆ. ನೀವು ಈ ಸಾಲು ಓದುತ್ತಿರುವ ಒಂದೊಂದು ಸೆಕೆಂಡಿಗೂ 95 ಆನೆ ಹಡಗು ಹತ್ತುತ್ತಿವೆ. ಹಾಲು ಕುಡಿಯುವ ಕೂಸಿನಿಂದ ಹಲ್ಲುದುರಿದ ಅಜ್ಜಿಯವರೆಗೆ ಭೂಮಿಯ 800 ಕೋಟಿ ಜನರಿಗೆ ಹಂಚಿದರೆ ತಲೆಗೆ ಒಂದೂವರೆ ಟನ್, ವರ್ಷ ವರ್ಷವೂ.

ಇಷ್ಟನ್ನೂ ಸಾಗಿಸುವವರು? ಇಡೀ ಜಗತ್ತಿನಲ್ಲಿ ಸುಮಾರು 19 ಲಕ್ಷ ಜನ, ಅವರಲ್ಲಿ ಭಾರತೀಯರು ಎರಡು ಲಕ್ಷಕ್ಕೂ ಹೆಚ್ಚು. ಹಡಗಿನವರೊಬ್ಬರ ಪಾಲಿಗೆ ವರ್ಷಕ್ಕೆ ಸುಮಾರು 1,600 ಆನೆ. ನೆಲದ ಮೇಲಿನ 4,200 ಜನರಿಗೆ ನೀರಿನ ಮೇಲೆ ಒಬ್ಬರು. ನಮ್ಮ ಲೆಕ್ಕದಲ್ಲಿ ಗ್ರಾಮ ಪಂಚಾಯಿತಿಗೆ ಒಬ್ಬರು, ತಪ್ಪಿದರೆ ಇಬ್ಬರು. ಆ ಒಬ್ಬರು ಯಾರೆಂದು ನಮ್ಮ ಪಂಚಾಯಿತಿಯಲ್ಲಿ ಎಲ್ಲರಿಗೂ ಗೊತ್ತಿತ್ತು. 27 ಸಲ ಅವರ ಸೂಟ್‌ಕೇಸ್ ಬಿಚ್ಚಿದಾಗ ಸುತ್ತ ಕೂತಿದ್ದವರು ನಾವೇ. ಟ್ಯಾಂಗ್ ಡಬ್ಬಿ, ನಿವಿಯಾ, ಸೇಫ್ಟಿ ರೇಜರ್, ಜಪಾನಿನ ಕೊಡೆ. ಸಲಕ್ಕೆ 30 ಕಿಲೋ ಎಂದರೂ ಒಟ್ಟು 810 ಕಿಲೋ. ಜಗತ್ತಿಗೆ ಸಾವಿರಾರು ಆನೆ ಹಂಚಿದ ಮನುಷ್ಯ ನಮಗೆ ತಂದದ್ದು ಕಾಲು ಆನೆಯೂ ಇಲ್ಲ. ಆದರೂ ಊರಿಡೀ ಎರಡು ತಿಂಗಳು ಅದರದೇ ಪರಿಮಳ.

ಮನೆಯ ಲೆಕ್ಕಕ್ಕೆ ಬಂದರೆ ಅಂಕಿಗಳು ತಟ್ಟನೆ ಕುಗ್ಗುತ್ತವೆ. 34 ದೀಪಾವಳಿಯಲ್ಲಿ ಮಾವ ಮನೆಯಲ್ಲಿದ್ದದ್ದು 11. ಇಬ್ಬರು ಮಕ್ಕಳೂ ಹುಟ್ಟಿದಾಗ ಅವರು ಹಡಗಿನಲ್ಲಿದ್ದರು. ಮಗಳಿಗೆ ಹದಿನೆಂಟು ತುಂಬಿದಾಗ ಅವಳ ಬದುಕಿನ ದಿನಗಳು 6,575. ಅದರಲ್ಲಿ ಅಪ್ಪ ಮನೆಯಲ್ಲಿದ್ದ ದಿನಗಳು ಸುಮಾರು 2,300. ಹದಿನೆಂಟರ ಮಗಳಿಗೆ ಆರು ವರ್ಷದ ಅಪ್ಪ.

ಅತ್ತೆಗೆ ಸಿಡಿಸಿ ಇಲ್ಲ, ಆದರೆ ಕ್ಯಾಲ್ಕುಲೇಟರ್ ಇನ್ನೂ ನನ್ನ ಕೈಯಲ್ಲಿತ್ತು. ಮನೆಗೆ ಪಂಪು ಬರುವವರೆಗಿನ 16 ವರ್ಷ ಅವರು ದಿನಕ್ಕೆ 25 ಕೊಡಪಾನ ನೀರು ಸೇದಿದ್ದಾರೆ, ಒಂಬತ್ತು ಮೀಟರ್ ಆಳದಿಂದ. ಎಳೆದ ಹಗ್ಗದ ಉದ್ದ 1,315 ಕಿಲೋಮೀಟರ್. ಮಾವನ ಲಟ್ಟಣಿಗೆ ಉರುಳಿದ್ದು 1,030. ಅತ್ತೆಯ ಹಗ್ಗ ಅದನ್ನು 285 ಕಿಲೋಮೀಟರ್ ಹಿಂದೆ ಹಾಕಿದೆ. ಕೊಡಪಾನಕ್ಕೆ 15 ಲೀಟರ್ ಎಂದರೆ ಒಟ್ಟು ನೀರು ಸುಮಾರು 2,190 ಟನ್. 548 ಆನೆ! ಗಂಗೊಳ್ಳಿಯ ಒಬ್ಬ ಹೆಂಗಸು ಒಂದು ರಾಟೆ, ಒಂದು ಹಗ್ಗ ಹಿಡಿದು ಬಾವಿಯಿಂದ 548 ಆನೆಗಳನ್ನು ಮೇಲೆತ್ತಿದ್ದಾರೆ, ಸೈನ್ ಆಫ್ ಇಲ್ಲದೆ. ಈ ಅಂಕಿ ಓದಿ ಹೇಳಿದೆ. “ಮತ್ತೆ ಬಟ್ಟೆ ಒಗೆವ ನೀರು ಸೇರ್ಸಿದ್ಯಾ?” ಎಂದು ಕೇಳಿದರು. ಸೇರಿಸಿರಲಿಲ್ಲ.

ನನ್ನ ಹಾಳೆಯಲ್ಲಿ ಇನ್ನೊಂದು ಕಳೆಯುವ ಲೆಕ್ಕ ಬಾಕಿಯಿತ್ತು. 12,418ರಲ್ಲಿ 8,120 ಹೋದರೆ ಉಳಿಯುವುದು 4,298. ಅಷ್ಟು ವರ್ಷದ ನೌಕರಿಯಲ್ಲಿ ಮಾವ ಮನೆಯವರ ಜೊತೆ ಕಳೆದ ದಿನಗಳು. ಬರೆದು ಮುಗಿಸಿ ನಾಲ್ಕನೆಯ ಸಿಡಿಸಿಯನ್ನು ಮುಚ್ಚುವಾಗ ಹಿಂದಿನ ರಟ್ಟಿನ ಒಳಬದಿ ಕಣ್ಣಿಗೆ ಬಿತ್ತು. ಪೆನ್ಸಿಲಿನಲ್ಲಿ, ಅಡುಗೆಯವರ ಕೊಬ್ಬಿದ ಅಕ್ಷರದಲ್ಲಿ, ಐದೈದರ ಗೆರೆ ಹಾಕಿ ಕೂಡಿಸುತ್ತ ಬಂದ ಲೆಕ್ಕವಿತ್ತು. ಪಕ್ಕದಲ್ಲಿ ಒಂದೇ ಪದ: ಮನೆ. ಚಪಾತಿ ಎಣಿಸದವರು, ಮೈಲಿ ಎಣಿಸದವರು, 73 ಭೂಪ್ರದಕ್ಷಿಣೆಯನ್ನು ಒಂದು ದಿನವೂ ಬಾಯಿಬಿಟ್ಟು ಹೇಳದವರು ಇದೊಂದನ್ನು ಎಣಿಸಿಟ್ಟಿದ್ದರು.

ಆದರೆ ಅವರ ಮೊತ್ತ 4,298 ಅಲ್ಲ, 4,301. ಮೂರು ದಿನ ಹೆಚ್ಚು. ನಾಲ್ಕೂ ಪುಸ್ತಕ ಮತ್ತೆ ಬಿಚ್ಚಿ, ಪ್ರತಿ ತಾರೀಕನ್ನೂ ಮತ್ತೆ ಕೂಡಿ ಕಳೆದೆ. ಸಿಡಿಸಿಯ ಪ್ರಕಾರ ನನ್ನ ಲೆಕ್ಕದಲ್ಲಿ ತಪ್ಪಿಲ್ಲ. ಅತ್ತೆಯನ್ನು ಕೇಳಿದೆ. ಅವರು ಪೆನ್ಸಿಲಿನ ಗೆರೆಗಳ ಮೇಲೆ ಬೆರಳಾಡಿಸಿ ಒಂದೇ ಮಾತು ಹೇಳಿದರು: “ಪಣಂಬೂರು.”

ನನ್ನ ಹಾಳೆಯಲ್ಲಿದ್ದ 4,298ನ್ನು ಹೊಡೆದುಹಾಕಿ 4,301 ಎಂದು ಬರೆದಿದ್ದೇನೆ.